ರಸೀದಿ ಪುಸ್ತಕ ಸೂಟ್‌ಕೇಸಿನಲ್ಲಿ ಬೇಡ

ಮಾನ್ಯ ಸಂಪಾದಕರೇ,

ಅಡಿಕೆ ಕೊಯ್ಲು ಮುಗಿದ ಮೇಲೆ ಶಿರಸಿ, ಸಿದ್ದಾಪುರ ಕಡೆಯ ಹಿರಿಯರು ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೊರಡುತ್ತಾರೆ. ಭಟ್ಕಳ, ಹೊನ್ನಾವರ, ಕಾರವಾರದಿಂದ ದುಬೈಗೆ ಹೋಗಿ ಬರುವವರು ವರ್ಷವಿಡೀ ಇದ್ದಾರೆ. ಇವರಲ್ಲಿ ಕೆಲವರ ಚೀಲದಲ್ಲಿ ದೇವಸ್ಥಾನದ ಜೀರ್ಣೋದ್ಧಾರದ್ದೋ ಶಾಲೆಯ ಶತಮಾನೋತ್ಸವದ್ದೋ ಒಂದು ರಸೀದಿ ಪುಸ್ತಕ ಇರುತ್ತದೆ. "ಹೇಗೂ ಹೋಗ್ತಾ ಇದ್ರಿ, ಅಲ್ಲಿರೋ ನಮ್ಮೂರವರ ಹತ್ರ ಒಂದಿಷ್ಟು ಎತ್ತಿಕೊಂಡು ಬನ್ನಿ" ಎಂದು ಸಮಿತಿಯವರು ಕೊಟ್ಟಿರುತ್ತಾರೆ. ಉದ್ದೇಶ ಒಳ್ಳೆಯದೇ. ಆದರೆ ಹಣ ಬರುವ ದಾರಿ ತಪ್ಪಿದರೆ ಕೊಟ್ಟವರು, ತಂದವರು, ಪಡೆದವರು ಮೂವರಿಗೂ ತೊಂದರೆ.

ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ದೇಣಿಗೆ ಸಂಗ್ರಹಕ್ಕೆ 2021ರಿಂದ ಪ್ರತ್ಯೇಕ ಕಾನೂನೇ ಇದೆ. ಪರವಾನಗಿ ಇರುವ ಸಂಸ್ಥೆಗಳು ಮಾತ್ರ ದೇಣಿಗೆ ಎತ್ತಬಹುದು, ವ್ಯಕ್ತಿಗಳಿಗೆ ಅವಕಾಶವಿಲ್ಲ. ಕೋಣೆಯಲ್ಲಿ ನಾಲ್ಕು ಜನ ಸೇರಿದಾಗ ರಸೀದಿ ಹರಿಯುವುದು, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಖಾತೆ ಸಂಖ್ಯೆ ಹಾಕಿ ಮನವಿ ಮಾಡುವುದು ಎರಡೂ ಅದರಡಿ ಬರುತ್ತವೆ. ದಂಡ, ಜೈಲು ಎರಡೂ ಉಂಟು. ಹೋದವರು ವಿಮಾನ ಹತ್ತಿ ಬಂದುಬಿಡಬಹುದು, ಅಲ್ಲೇ ದುಡಿಯುವ ಮಗನ ಕೆಲಸಕ್ಕೆ ಕುತ್ತು ಬರುತ್ತದೆ. ಅಲ್ಲಿನ ಬಡ ಕಾರ್ಮಿಕರಿಗೆ ನೆರವಾಗುವ ಮನಸ್ಸಿದ್ದರೆ ಎಮಿರೇಟ್ಸ್ ರೆಡ್ ಕ್ರೆಸೆಂಟ್‌ನಂಥ ಅಧಿಕೃತ ಸಂಸ್ಥೆಗೆ ಕೊಡುವುದೇ ಸರಿ.

ಇನ್ನು ಊರಿನ ಕೆಲಸಕ್ಕೆ ಬರುವ ಹಣ. ದಾನಿಯನ್ನು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ನಿಮ್ಮದು ಯಾವ ದೇಶದ ಪಾಸ್‌ಪೋರ್ಟು? ಭಾರತದ್ದಾದರೆ ಅವರು ಎಲ್ಲೇ ನೆಲೆಸಿರಲಿ, ಸ್ವಂತ ಉಳಿತಾಯದಿಂದ ಬ್ಯಾಂಕ್ ಮೂಲಕ ಕಳಿಸಿದ ಹಣ ವಿದೇಶಿ ದೇಣಿಗೆ ಎನಿಸುವುದಿಲ್ಲ. ಅವರ ಪಾಸ್‌ಪೋರ್ಟಿನ ನಕಲನ್ನು ಸಮಿತಿಯವರು ಕಡತದಲ್ಲಿ ಇಟ್ಟುಕೊಂಡರೆ ಸಾಕು. ಅಮೆರಿಕದ ಪೌರತ್ವ ಪಡೆದು ಒಸಿಐ ಕಾರ್ಡ್ (ಭಾರತ ಮೂಲದ ವಿದೇಶಿ ಪೌರರಿಗೆ ನಮ್ಮ ಸರ್ಕಾರ ಕೊಡುವ ಕಾರ್ಡ್) ಇಟ್ಟುಕೊಂಡವರ ಲೆಕ್ಕ ಬೇರೆ. 2010ರ ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) ಪ್ರಕಾರ ಅವರು ವಿದೇಶಿ ಮೂಲ. ಎಫ್‌ಸಿಆರ್‌ಎ ನೋಂದಣಿಯಾಗಲಿ ಪೂರ್ವಾನುಮತಿಯಾಗಲಿ ಇಲ್ಲದ ಸಮಿತಿ ಅವರಿಂದ ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ. ಅವರೇ ರಥೋತ್ಸವಕ್ಕೆ ಊರಿಗೆ ಬಂದು ನಮ್ಮ ನೋಟನ್ನೇ ಕೊಟ್ಟರೂ ಅದು ವಿದೇಶಿ ದೇಣಿಗೆಯೇ. ನಮ್ಮ ಕಡೆ ಹೆಚ್ಚು ಎಡವುವುದು ಇಲ್ಲಿ. ಊರಲ್ಲಿ ಹುಟ್ಟಿ ಬೆಳೆದ ಹುಡುಗ ವಿದೇಶಿ ಹೇಗಾದಾನು ಎಂದು ಖಜಾಂಚಿಗಳು ಸಹಜವಾಗಿಯೇ ಕೇಳುತ್ತಾರೆ, ಆದರೆ ಕಾಯ್ದೆ ನೋಡುವುದು ಪೌರತ್ವವನ್ನು.

ನೋಂದಣಿಗೆ ಸಾಮಾನ್ಯವಾಗಿ ಸಂಸ್ಥೆಗೆ 3 ವರ್ಷ ತುಂಬಿರಬೇಕು, ಹಿಂದಿನ 3 ಹಣಕಾಸು ವರ್ಷಗಳಲ್ಲಿ ತನ್ನ ಉದ್ದೇಶಕ್ಕೆ ಕನಿಷ್ಠ 15 ಲಕ್ಷ ರೂಪಾಯಿ ಖರ್ಚು ಮಾಡಿರಬೇಕು. ವಿದೇಶಿ ಹಣ ಮೊದಲು ಬೀಳಬೇಕಾದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯ ಖಾತೆಗೆ. ಊರಿನ ಸಹಕಾರಿ ಸಂಘದ ಖಾತೆಗೆ ಹಾಕಿಸಿಕೊಂಡರೆ ಅಲ್ಲಿಗೇ ತಪ್ಪಾಯಿತು. ಸಣ್ಣ ಸಮಿತಿಗೆ ಇಷ್ಟೆಲ್ಲ ಆಗದಿದ್ದರೆ, ಆ ದಾನಿಗೆ ಈಗಾಗಲೇ ನೋಂದಣಿ ಇರುವ ಆಸ್ಪತ್ರೆಯನ್ನೋ ಶಿಕ್ಷಣ ಸಂಸ್ಥೆಯನ್ನೋ ತೋರಿಸಿಕೊಡಿ. ಮಗಳು ವಿದೇಶಿ ಪೌರಳಾದರೂ ಅಪ್ಪ, ಅಮ್ಮನಿಗೆ ವರ್ಷಕ್ಕೆ 10 ಲಕ್ಷ ರೂಪಾಯಿವರೆಗೆ ಕಳಿಸಿದರೆ ಸರ್ಕಾರಕ್ಕೆ ತಿಳಿಸಬೇಕಾಗಿಲ್ಲ, ಮೇಲಾದರೆ 3 ತಿಂಗಳೊಳಗೆ ತಿಳಿಸಬೇಕು. ಆದರೆ ಇದು ಬಂಧುಗಳ ನಡುವಿನ ವಿನಾಯಿತಿ. ಅಪ್ಪನ ಖಾತೆಗೆ ಹಾಕಿಸಿ ಅಲ್ಲಿಂದ ದೇವಸ್ಥಾನಕ್ಕೆ ದಾಟಿಸುವ ಸಲಹೆಯನ್ನು ಯಾರೇ ಕೊಟ್ಟರೂ ಒಪ್ಪಬೇಡಿ.

ನಗದನ್ನು ಕೈಯಲ್ಲಿ ತರುವವರು ತಿಳಿದಿರಬೇಕಾದ್ದು: ಭಾರತಕ್ಕೆ ಬರುವಾಗ ವಿದೇಶಿ ನೋಟು 5,000 ಡಾಲರ್ ದಾಟಿದರೆ, ಅಥವಾ ನೋಟು, ಟ್ರಾವೆಲರ್ಸ್ ಚೆಕ್ ಎಲ್ಲ ಸೇರಿ 10,000 ಡಾಲರ್ ದಾಟಿದರೆ ಕಸ್ಟಮ್ಸ್‌ನಲ್ಲಿ ಘೋಷಿಸಬೇಕು.

ಹಣಕ್ಕಿಂತ ಹೆಚ್ಚು ವ್ಯರ್ಥವಾಗುವುದು ದಾನದ ವಸ್ತುಗಳು. ಅಮೆರಿಕದ ಮನೆಗಳಲ್ಲಿ ಉಳಿದ ಮಾತ್ರೆ, ಅರ್ಧ ಖಾಲಿಯಾದ ವಿಟಮಿನ್ ಡಬ್ಬಿಗಳನ್ನು ಊರಿನ ಶಿಬಿರಕ್ಕೆಂದು ತುಂಬಿ ತರುವುದುಂಟು. ದಾನದ ಔಷಧಕ್ಕೆ ಅದು ತಲುಪುವ ದಿನದಿಂದ ಕನಿಷ್ಠ ಒಂದು ವರ್ಷ ಬಾಳಿಕೆ ಇರಬೇಕು, ರೋಗಿಗಳಿಗೆ ಕೊಟ್ಟು ಮರಳಿ ಬಂದದ್ದು ಆಗಿರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿ. ಹೆಸರು, ಪ್ರಮಾಣ ಗೊತ್ತಾಗದ ಮಾತ್ರೆಯನ್ನು ಇಲ್ಲಿನ ವೈದ್ಯರು ಯಾರಿಗೆ ಕೊಟ್ಟಾರು? ಅಲ್ಲಿನ ಸಕ್ಕರೆ ಪರೀಕ್ಷೆಯ ಯಂತ್ರಕ್ಕೆ ಹೊಂದುವ, ರಕ್ತದ ಹನಿ ಹಾಕುವ ಸ್ಟ್ರಿಪ್ ಇಲ್ಲಿ ಸಿಗದಿದ್ದರೆ ಒಂದೇ ತಿಂಗಳಲ್ಲಿ ಅದು ಮೂಲೆ ಸೇರುತ್ತದೆ. ಉಬ್ಬಸದವರಿಗೆ ಔಷಧದ ಹಬೆ ಕೊಡುವ 120 ವೋಲ್ಟಿನ ನೆಬ್ಯುಲೈಜರನ್ನು ನಮ್ಮ 230 ವೋಲ್ಟಿಗೆ ಹಾಕಿದರೆ ಸುಟ್ಟುಹೋಗುತ್ತದೆ. ಶಾಲೆಗೆಂದು ನಾಲ್ಕು ಹಳೆಯ ಲ್ಯಾಪ್‌ಟಾಪ್ ತಂದರೆ ಸುಂಕವಿಲ್ಲದೆ ಬಿಡುವುದು ಒಬ್ಬರಿಗೆ ಒಂದನ್ನು. ಅದೇ ದುಡ್ಡಿನಲ್ಲಿ ಹುಬ್ಬಳ್ಳಿಯಲ್ಲಿ ಹೊಸದನ್ನೇ ಕೊಂಡರೆ ವಾರಂಟಿ ಸಿಗುತ್ತದೆ, ಕೆಟ್ಟರೆ ರಿಪೇರಿಯೂ ಆಗುತ್ತದೆ.

ಹೋಗುವಾಗಿನ ಗಂಟೂ ಹೀಗೇ. ದುಬೈಗೆ ಗಸಗಸೆ ನಿಷಿದ್ಧ. ಪಾಯಸದ ಪುಡಿಯಲ್ಲಿ ಬೆರೆತಿದ್ದರೂ ಬೇಡ. ಕವಳದ ಅಭ್ಯಾಸವಿರುವವರು ವೀಳ್ಯದೆಲೆಯನ್ನು ಮನೆಯಲ್ಲೇ ಬಿಡಬೇಕು. ಟ್ರಮಡಾಲ್, ಕೊಡೀನ್ ಇರುವ ನೋವಿನ ಮಾತ್ರೆ, ಕೆಮ್ಮಿನ ಔಷಧಕ್ಕೆ ಅಲ್ಲಿನ ಸರ್ಕಾರದ ಅನುಮತಿಯನ್ನು ಮೊದಲೇ ಪಡೆಯಬೇಕು. ಅಮೆರಿಕಕ್ಕೆ ಹಸಿ ಕರಿಬೇವು, ಹಣ್ಣು, ಬಿತ್ತನೆ ಬೀಜ ಬೇಡ. ಅಕ್ಕಿಯೂ ಬೇಡ, ಖಪ್ರಾ ಎಂಬ ಧಾನ್ಯದ ಹುಳುವಿನ ಭಯದಿಂದ ಭಾರತದ ಅಕ್ಕಿಯನ್ನು ಪ್ರಯಾಣಿಕರ ಚೀಲದಲ್ಲಿ ಬಿಡುವುದಿಲ್ಲ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ತೊಡೆದೇವು ಏನೇ ಇರಲಿ, ತಿನ್ನುವ ವಸ್ತು ಇದೆ ಎಂದು ಅಲ್ಲಿನ ಕಸ್ಟಮ್ಸ್‌ಗೆ ತಿಳಿಸಿ. ತಿಳಿಸಿದ್ದನ್ನು ಹೆಚ್ಚೆಂದರೆ ತೆಗೆದಿಟ್ಟುಕೊಳ್ಳುತ್ತಾರೆ. ಬಚ್ಚಿಟ್ಟು ಸಿಕ್ಕರೆ 300 ಡಾಲರಿನಿಂದ ದಂಡ. ಜೋನಿಬೆಲ್ಲ ದ್ರವವಾದ್ದರಿಂದ ಕ್ಯಾಬಿನ್ ಚೀಲದಲ್ಲಿ ಹೋಗುವುದಿಲ್ಲ. ಒಣ ಕೊಬ್ಬರಿ ಗಿಟಕು ತಾನಾಗಿ ಕಾವೇರಿ ಹೊತ್ತಿಕೊಳ್ಳಬಲ್ಲದು, ಹಾಗಾಗಿ ಅದನ್ನು ಲಗೇಜಿನಲ್ಲಿ ಬಿಡುವುದಿಲ್ಲ.

ನೆರೆಮನೆಯವರು "ನಮ್ಮ ಹುಡುಗನಿಗೆ ಇದೊಂದು" ಎಂದು ಕೊಡುವ ಹೊಲಿದ ಗಂಟನ್ನು ಅವರೆದುರೇ ಬಿಚ್ಚಿ ನೋಡಿ, ನೀವೇ ಕಟ್ಟಿಕೊಳ್ಳಿ. ಬೇಸರವಾದೀತು ಎಂಬ ದಾಕ್ಷಿಣ್ಯ ಇಲ್ಲಿ ಬೇಡ. ಗಲ್ಫಿನಲ್ಲಿ ಚೀಲ ಯಾರ ಹೆಸರಿನಲ್ಲಿದೆಯೋ ಅವರೇ ಉತ್ತರ ಹೇಳಬೇಕು.

ವೀಸಾ ವಿಷಯದಲ್ಲಿ ಒಂದೇ ಮಾತು. ದುಬೈನಲ್ಲಿ ಅವಧಿ ಮೀರಿದರೆ ದಿನಕ್ಕೆ 50 ದಿರ್ಹಂ ದಂಡ. ಅಮೆರಿಕದಲ್ಲಿ ಎಷ್ಟು ದಿನ ಇರಬಹುದು ಎಂಬುದನ್ನು ಐ-94 ಎಂಬ ಅಲ್ಲಿನ ಪ್ರವೇಶ ದಾಖಲೆಯಲ್ಲಿ ನೋಡಿಕೊಳ್ಳಬೇಕು, ವೀಸಾದ ಮೇಲಿನ 10 ವರ್ಷ ಅದಲ್ಲ.

ಮಳೆಗಾಲದಲ್ಲಿ ಹೊರಡುವವರು ವಿಮಾನದ ಹಿಂದಿನ ದಿನವೇ ಗೋವಾ, ಮಂಗಳೂರು ಅಥವಾ ಮುಂಬೈ ತಲುಪುವುದು ಒಳ್ಳೆಯದು. ಕೊಂಕಣ ರೈಲು ಆಗ ನಿಧಾನದ ವೇಳಾಪಟ್ಟಿಯಲ್ಲಿ ಓಡುತ್ತದೆ. 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಬಂದಾದದ್ದನ್ನು ಕರಾವಳಿಯವರು ಮರೆತಿಲ್ಲ. ಗೋವಾದಲ್ಲಿ ದಾಬೋಲಿ, ಮೋಪಾ ಎಂದು ಎರಡು ವಿಮಾನ ನಿಲ್ದಾಣಗಳಿವೆ. ಟಿಕೆಟ್ಟಿನಲ್ಲಿ ಯಾವುದಿದೆ ಎಂದು ನೋಡಿಕೊಂಡೇ ಕಾರು ಹೇಳಿ. ಕಾರವಾರದಿಂದ ಮೋಪಾಕ್ಕೆ ಹೋಗಲು ಇಡೀ ಗೋವಾ ದಾಟಬೇಕು.

— ಪ್ರಯಾಣದ ದಾಖಲೆಗಳಿಗೆ ನೆರವಾಗುವ ಸ್ವಯಂಸೇವಕರು, ಕುಮಟಾ