ರಕ್ತದಾಗೇ ಇಲ್ಲ ಅಂದಿಯಲ್ಲ, ಅದಕ್ಕ ಈ ಪತ್ರ

ಕಲಬುರಗಿ
ಶ್ರಾವಣ ಸೋಮವಾರ

ಮಗಳೇ,

ನಿನ್ನ ದೊಡ್ಡವ್ವನ ಆಶೀರ್ವಾದ. ಇಲ್ಲಿ ಎಲ್ಲರೂ ಅರಾಮ ಇದ್ದೇವಿ. ಮಳಿ ಮೂರು ದಿನದಿಂದ ಬಿಟ್ಟಿಲ್ಲ, ತೊಗರಿ ನೀರಾಗ ನಿಂತದ, ನಿನ್ನ ದೊಡ್ಡಪ್ಪ ದಿನಕ್ಕ ನಾಕು ಸಲ ಮುಗಲು ನೋಡಿ ಬೈತಾರ.

ಮೊನ್ನೆ ರಾತ್ರಿಯ ನಿನ್ನ ಮೆಸೇಜಿಗಿ ಫೋನಿನಾಗೇ ಉತ್ತರ ಬರಿಲಾಕ ಹೋದೆ, ಹೆಬ್ಬಟ್ಟು ನೋಯಿತು. ಅದಕ್ಕ ಕಾಗದ ಹಿಡದೀನಿ. "ಎಂಟನೇ ಕ್ಲಾಸಿನ ಪೋರಿ, ಇಪ್ಪತ್ತನ್ನ ಮೂರರಿಂದ ಭಾಗಿಸು ಅಂದ್ರ ಬೋರ್ಡ್ ಮುಂದ ಸುಮ್ಮನ ನಿಂತಳು. ಈ ಮಂದಿಗಿ ಓದು ರಕ್ತದಾಗೇ ಇಲ್ಲ ದೊಡ್ಡವ್ವಾ" ಅಂತ ಬರದಿ. ಓದಿ ಸಿಟ್ಟು ಬಂತು. ಯಾಕಂದ್ರ ಇದೇ ಮಾತು ನಾನೂ ಸ್ಟಾಫ್ ರೂಮಿನಾಗ ಚಹಾ ಕುಡಕೋತ ಎಷ್ಟೋ ವರ್ಷ ಆಡೀನಿ.

ನಿಂದೇ ಒಂದು ಜಗಳ ನೆನಪು ಮಾಡ್ತೀನಿ, ಬ್ಯಾಸರ ಮಾಡ್ಕೋಬ್ಯಾಡ. ನಿನಗ ಟೀಚರ್ ನೌಕರಿ ಆರ್ಡರ್ ಬಂದ ದಿನ ಬೆಂಗಳೂರಿನ ನಿನ್ನ ಗೆಳತಿ, ಸಂವಿಧಾನದ 371(ಜೆ) ಪ್ರಕಾರ ನಮ್ಮ ಕಲ್ಯಾಣ ಕರ್ನಾಟಕದವರಿಗಿ ಇರೋ ಮೀಸಲಾತಿ ಬಗ್ಗೆ ಏನೋ ಚುಚ್ಚಿ ಆಡಿದ್ಲು. ನೀ ಆಕಿನ್ನ ಬಿಟ್ಟಿ ಏನು? ನಿಜಾಮನ ರಾಜ್ಯದಾಗ ಕನ್ನಡದ ಮಕ್ಕಳು ಉರ್ದುವಿನಾಗ ಓದಬೇಕಿತ್ತು, ದೇಶಕ್ಕ 1947ರಾಗ ಸ್ವಾತಂತ್ರ್ಯ ಬಂದ್ರ ನಮಗ 1948ರ ಸೆಪ್ಟೆಂಬರ್ 17ರ ತನಕ ಇರಲಿಲ್ಲ, 2012ರಾಗ ಸಂವಿಧಾನ ತಿದ್ದಬೇಕಾದ್ರ ಅಷ್ಟು ವರ್ಷ ಹೋರಾಡಬೇಕಾಯ್ತು ಅಂತ ಒಂದೇ ಉಸರಿನಾಗ ಹೇಳಿದಿ. ಬರೋಬ್ಬರಿ ಹೇಳಿದಿ. ನಿನ್ನ ಸರದಿ ಇದ್ದಾಗ ಅದು ಇತಿಹಾಸ. ಆ ಪೋರಿ ಸರದಿ ಬಂದ್ರ ರಕ್ತ ಹೆಂಗಾಯ್ತು?

ನಿನ್ನ ಮುತ್ಯಾ ಕಲಿತದ್ದೂ ಉರ್ದುವಿನಾಗೇ. ನಾಕನೇ ಇಯತ್ತೆಗಿ ಸಾಲಿ ಬಿಟ್ಟರು, ಸಾಯೋ ತನಕ ಸಹಿ ಉರ್ದುವಿನಾಗೇ ಹಾಕಿದ್ರು. ಆಯಿ ಅಂತೂ ಸಾಲಿ ಮೆಟ್ಟಲೇ ಹತ್ತಿದಾಕಿ ಅಲ್ಲ. ಆದ್ರ ರಾಶಿ ದಿನ ಕಣದಾಗ ಆಕಿನ್ನ ನೋಡಬೇಕಿತ್ತು ನೀನು. ಒಂದೊಂದು ಚೀಲದ ಬಾಯಿ ಹೊಲಿದಂಗ ಒಂದೊಂದು ಹಳ್ಳು, ಅಂದ್ರ ಸಣ್ಣ ಕಲ್ಲು, ಸೆರಗಿನಾಗ ಹಾಕ್ಕೋತಿದ್ಲು. ಒಂದು ವರ್ಷ 41 ಚೀಲ ತೊಗರಿ ಆಗಿತ್ತು. ಬೀಜಕ್ಕ ಒಂದು ತಗದಿಟ್ಟಳು. ಪಾಲಿನ ಹೊಲ, ಹೊಲದವರಿಗಿ 20. ಉಳಿದ 20 ಮೂವರು ಅಣ್ಣತಮ್ಮಂದಿರಿಗಿ. ಹಳ್ಳು ನೆಲದ ಮ್ಯಾಲ ಸುರುವಿ ಮೂರು ಗುಂಪು ಮಾಡಿದ್ಲು, ಆರಾರು. ಎರಡು ಉಳದವು. "ಒಂದು ಆಯಗಾರರಿಗಿ, ಒಂದು ಅತ್ತಿ ಉಣ್ಣೋ ಮನಿಗಿ" ಅಂದು ಸೆರಗು ಝಾಡಿಸಿ ಎದ್ದಳು. ಮೂವರು ಗಂಡಸರು ನಿಂತಿದ್ರು, ಒಬ್ಬರೂ ಎದುರು ಮಾತಾಡಲಿಲ್ಲ. ಅದಕ್ಕೇ ನಾವು ಶೇಷ ಅಂತ ಬೋರ್ಡಿನ ಮ್ಯಾಲ ಬರದು ಅಡಿಗೆರಿ ಹಾಕ್ತೀವಿ. ನಿನ್ನ ಪೋರಿಗಿ ಕೇಳಿದ್ದೂ ಅದೇ ಲೆಕ್ಕ.

ಹಂಗಾದ್ರ ಆಕಿಗಿ ಯಾಕ ಬರಲಿಲ್ಲ? ಸಾಲಿಯಾಗ ಹಳೇ ಹಾಜರಿ ಪುಸ್ತಕ ಇದ್ರ ತಗಸು. ಆಕಿ ಮೂರನೇ, ನಾಕನೇ ಇಯತ್ತೆ ಇದ್ದಾಗಿನದು ನೋಡು, ಭಾಗಾಕಾರ ಕಲಿಸೋದು ಆವಾಗ. ದೀಪಾವಳಿಯಿಂದ ಸಂಕ್ರಮಣದ ತನಕ ನಿಮ್ಮ ಕಡೆ ಹತ್ತಿ ಬಿಡಿಸೋ ಸುಗ್ಗಿ. ಇಲ್ಲಾ ಮನಿಮಂದಿ ಪೂರಾ ಪುಣೆಗೋ ಬೆಂಗಳೂರಿಗೋ ಗುಳೆ ಹೋಗಿರ್ತಾರ. ಎಷ್ಟು ದಿನ ಗೈರು ಅಂತ ಎಣಿಸು. ತಾಂಡಾದ ಪೋರಿ ಆಗಿದ್ರ ಇನ್ನೊಂದು ಕಟಿಪಿಟಿ, ಮನಿಯಾಗ ಲಂಬಾಣಿ, ಪುಸ್ತಕದಾಗ ಕನ್ನಡ. ಅದೂ ಹೆಂಥಾ ಕನ್ನಡ? ನಾನೇ ಎರಡು ಸಲ ಓದಿ ತಿಳ್ಕೋಬೇಕು.

ಈಗ ನನ್ನ ತಪ್ಪು ಹೇಳ್ತೀನಿ. ನಿಮ್ಮವ್ವಗೂ ಹೇಳಿಲ್ಲ. ಮಕ್ಕಳಿಗಿ ಬರೋದೇ ಇಲ್ಲ ಅಂತ ನಂಬಿದ ಮ್ಯಾಲ ಟೀಚರಿಗಿ ಎರಡೇ ಕೆಲಸ ಉಳಿತಾವ: ಬೈಯೋದು, ಇಲ್ಲಾ ಕಾಪಿ ಹೊಡಿಸೋದು. ನಾ ಎರಡೂ ಮಾಡೀನಿ. ಒಂದು ವರ್ಷ ಗಣಿತ ಪರೀಕ್ಷಿ ದಿನ ಕಂಪೌಂಡ್ ಮ್ಯಾಲ ಪೋರಗಳು ಸಾಲಾಗಿ ಕುಂತು ಕಿಟಕಿಯಾಗಿಂದ ಚೀಟಿ ಎಸಿಲಾಕತ್ತಿದ್ರು. ನಾ ಬಾಗಿಲದಾಗ ಬೆನ್ನು ತಿರಗಿಸಿ ನಿಂತೆ. ಬಡವರ ಮಕ್ಕಳು, ಪಾಸಾಗಲಿ ಬಿಡು ಅಂತ. ಅದನ್ನ ಕರುಣಾ ಅಂತ ತಿಳಕೊಂಡಿದ್ದೆ.

ಆ ಕೋಣಿಯಾಗಿದ್ದ ಹುಡುಗನೊಬ್ಬ ಎಷ್ಟೋ ವರ್ಷದ ಮ್ಯಾಲ ಬಜಾರದಾಗ ಸಿಕ್ಕ. ಕಾಲಿಗಿ ಬಿದ್ದ. "ನಿಮ್ಮ ಪುಣ್ಯದಿಂದ ಪಾಸಾದೆ ಟೀಚರ್" ಅಂದ. ಮತ್ತ ಕಿಸೆದಾಗಿಂದ ತೊಗರಿ ಮಾರಿದ ಪಟ್ಟಿ ತಗದು, ಲೆಕ್ಕ ಬರೋಬ್ಬರಿ ಅದ ಏನು ನೋಡ್ರಿ ಅಂದ. ಹಮಾಲಿ, ಕಮಿಷನ್ ಎಲ್ಲಾ ಕಳದು ಕೂಡಿಸಿದೆ. ಮುನ್ನೂರು ರೂಪಾಯಿ ಕಮ್ಮಿ ಬರದಿದ್ರು. ಹೇಳಿದೆ. ನಕ್ಕ, "ಇರ್ಲಿ ಬಿಡ್ರಿ" ಅಂದು ಹೋದ. ಬೈದಿದ್ರ ಛಲೋ ಇತ್ತು.

2023ರಾಗ ರಾಜ್ಯದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ 83.89 ಇತ್ತು. 2024ರಾಗ ಕೋಣಿ ಕೋಣಿಗಿ ಕ್ಯಾಮೆರಾ ಹಚ್ಚಿದ್ರು, ಕೃಪಾಂಕ ಜಾಸ್ತಿ ಕೊಟ್ಟ ಮ್ಯಾಲೂ ಶೇ 73.40ಕ್ಕ ಬಂತು, ಕಡೀಗಿ ನಿಂತದ್ದು ನಿಮ್ಮ ಯಾದಗಿರಿ, ಶೇ 50.59. ಮರುವರ್ಷ ಆ ಕೃಪಾಂಕ ತಗದ್ರು, ಕಡೀ ಜಾಗಾ ನಮ್ಮ ಕಲಬುರಗಿಗಿ, ಮೊದಲನೇ ಪರೀಕ್ಷಿಯಾಗ ಶೇ 42.43. ದಕ್ಷಿಣ ಕನ್ನಡದ್ದು ಶೇ 91.12. ಅವರ ರಕ್ತ ಏನು ಜಾಸ್ತಿ ಕೆಂಪು ಅದ ಏನು? ಓಣಿಯಾಗ ಮಂದಿ ಕ್ಯಾಮೆರಾ ಹಚ್ಚಿ ನಮ್ಮ ಮಾನ ತಗದ್ರು ಅಂತಾರ. ನನ್ನ ಕೇಳಿದ್ರ, ಕ್ಯಾಮೆರಾ ಯಾರ ವಿದ್ಯಾನೂ ಕಸಗೊಂಡಿಲ್ಲ. ನಾ ಬೆನ್ನು ತಿರಗಿಸಿ ನಿಂತದ್ದು ಅಷ್ಟು ವರ್ಷ ಅಂಕಿಯಾಗ ಕಾಣಲಿಲ್ಲ, ಈಗ ಕಂಡದ.

ನೀ ಕೇಳ್ತಿ ಗೊತ್ತದ: ಹತ್ತನೇದಾಗ ಫೇಲಾದ ಪೋರಿಗಿ ಮನಿಯವರು ಗಂಡು ನೋಡ್ಲಾಕ ಸುರು ಮಾಡ್ತಾರ, ಒಂದು ಚೀಟಿ ಆಕಿನ್ನ ಎರಡು ವರ್ಷ ಉಳಸ್ತದಲ್ಲ ಅಂತ. ಖರೆ ಅದ. ಇದಕ್ಕ ನನ್ನ ಹತ್ರ ಪೂರಾ ಉತ್ತರ ಇಲ್ಲ. ಕೃಪಾಂಕ ಬ್ಯಾಡೇ ಬ್ಯಾಡ ಅನ್ನೋ ದೊಡ್ಡವರ ಮಾತಿಗಿ ನಾ ತಲಿ ಆಡಿಸೋದಿಲ್ಲ, ಅವರ ಮನಿಯಾಗ ಹಂಥಾ ಪೋರಿ ಇರೋದಿಲ್ಲ. ಆದ್ರ ಈಗ ವರ್ಷಕ್ಕ ಒಂದೇ ಪರೀಕ್ಷಿ ಅಲ್ಲ. ಮೊದಲನೇದಾಗ ಹೋದ್ರ ಫಲಿತಾಂಶ ಬಂದ ವಾರದಾಗೇ ಎರಡನೇದಕ್ಕ ಹೆಸರು ಹಚ್ಚು, ಆಕಿ ಅಪ್ಪನ ಕೂಡ ನೀನೇ ಹೋಗಿ ಮಾತಾಡು. ಸರ್ಕಾರಿ ಪತ್ರಕ್ಕಿಂತ ಟೀಚರ್ ಮನಿಗಿ ಬಂದು ಚಹಾ ಕುಡದ್ರ ಅವರಿಗಿ ಒಂದು ಮುಲಾಜು ಹುಟ್ತದ.

ಅದು ಎರಡು ವರ್ಷದ ಮುಂದಿನ ಮಾತು. ಸದ್ಯಕ್ಕ ಎಂಟನೇ ಕ್ಲಾಸಿನ ಪಾಠ ಹದಿನೈದು ದಿನ ಬದಿಗಿಡು. ಸಿಲಬಸ್ ಹಿಂದ ಬೀಳ್ತದ ಅಂತ ಹೆಡ್ ಮಾಸ್ತರು ಗದ್ದಲ ಮಾಡ್ತಾರ, ಮಾಡ್ಲಿ. ಆಕಿನ್ನ ಮತ್ತ ಬೋರ್ಡಿನ ಮುಂದ ಒಬ್ಬಾಕಿನ್ನೇ ನಿಂದರಸಬ್ಯಾಡ. ಹತ್ತಿ ಬಿಡಿಸಿದ ಕೂಲಿ ಕೆಜಿಗಿ ಎಷ್ಟು, ನಿಮ್ಮವ್ವ ದಿನಕ್ಕ ಎಷ್ಟು ತರ್ತಾಳ ಅಂತ ಕೇಳಿ ನೋಡು. ಆಕಿ ಹೆಸರೇನು? ನಿನ್ನ ಮೆಸೇಜಿನಾಗ ಬರೀ ಪೋರಿ ಅಂತ ಇತ್ತು.

ಶನಿವಾರ ನಿಮ್ಮಪ್ಪ ಯಾದಗಿರಿಗಿ ಬರೋರಿದ್ದಾರ, ಅವರ ಕೈಯಾಗ ಎರಡು ಗಂಟು ಕಳಿಸೀನಿ. ಬಿಳಿ ಬಟ್ಟಿದು ತೊಗರಿ ಬ್ಯಾಳಿ, ನಿನಗ. ಕೆಂಪು ಬಟ್ಟಿದು ಇಡೀ ಕಾಳು, ಕ್ಲಾಸಿಗಿ ಒಯ್ಯಿ. ಅದನ್ನ ಕುದಿಸಬ್ಯಾಡ, ಹೋದ ಸಲದಂಗ.

ನಿನ್ನ ದೊಡ್ಡವ್ವ