ರೇವ್ ಅಂದರೆ ಬರೀ ಡ್ರಗ್ಸ್ ಅಲ್ಲ

ಮಾನ್ಯರೇ,

‘ರೇವ್ ಪಾರ್ಟಿ’ ಎಂಬ ಪದ ಸುದ್ದಿಯಲ್ಲಿ ಬಂದರೆ ಸಾಕು, ಜೊತೆಗೆ ಡ್ರಗ್ಸ್ ಮತ್ತು ಪೊಲೀಸ್ ದಾಳಿ ಇದ್ದೇ ಇರುತ್ತದೆ. ಡ್ರಗ್ಸ್ ಇರಲೇ ಇಲ್ಲ ಎಂದು ನಾನು ವಾದಿಸುವುದಿಲ್ಲ. ಇತ್ತು, ಜೀವಗಳೂ ಹೋದವು. ಆದರೆ ಕಥೆ ಅಷ್ಟೇ ಅಲ್ಲವಲ್ಲ!

ಅಮೆರಿಕದ ಷಿಕಾಗೊದ ಹೌಸ್, ಡೆಟ್ರಾಯಿಟ್‌ನ ಟೆಕ್ನೊ ಎಂಬ ಎಲೆಕ್ಟ್ರಾನಿಕ್ ಕುಣಿತದ ಸಂಗೀತ 1988ರ ಹೊತ್ತಿಗೆ ಬ್ರಿಟನ್ನಿನ ಹುಡುಗರಿಗೆ ಹುಚ್ಚು ಹಿಡಿಸಿತ್ತು. ಪಾಳುಬಿದ್ದ ಗೋದಾಮು, ಹೊಲ, ಬಯಲು, ಎಲ್ಲೆಂದರಲ್ಲಿ ರಾತ್ರಿಯಿಡೀ ಕುಣಿತ. ಅದೇ ರೇವ್. ಜಾಗ ಯಾವುದೆಂದು ಅದೇ ರಾತ್ರಿ ಫೋನ್ ಮಾಡಿದರಷ್ಟೇ ತಿಳಿಯುತ್ತಿತ್ತು. 1992ರ ಮೇ ತಿಂಗಳಲ್ಲಿ ಇಂಗ್ಲೆಂಡಿನ ಕ್ಯಾಸಲ್‌ಮಾರ್ಟನ್ ಬಯಲಿನಲ್ಲಿ ಸಾವಿರಾರು ಜನ ದಿನಗಟ್ಟಲೆ ಕುಣಿದರು. ಸರ್ಕಾರ ಬೆಚ್ಚಿತು. 1994ರಲ್ಲಿ ಬಂದ ಕಾನೂನು ರಾತ್ರಿ ಬಯಲಲ್ಲಿ 100 ಜನ ಸೇರುವ ಇಂಥ ಕೂಟಗಳನ್ನು ಚದುರಿಸುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. 2003ರಲ್ಲಿ ಆ ಸಂಖ್ಯೆ 20ಕ್ಕೆ ಇಳಿಯಿತು. ತಮಾಷೆ ಏನೆಂದರೆ, ಒಂದರ ಹಿಂದೊಂದು ಮರುಕಳಿಸುವ ತಾಳ ಎಂದು ಸಂಗೀತಕ್ಕೂ ಆ ಕಾನೂನು ವ್ಯಾಖ್ಯಾನ ಬರೆದಿತ್ತು. ಆ ಲೆಕ್ಕಕ್ಕೆ ಯಾವ ಡೊಳ್ಳು ತಾನೇ ತಪ್ಪಿಸಿಕೊಂಡೀತು?

ಈಗ ಎಲ್ಲಾ ತಿರುವುಮುರುವು. ದುಬಾರಿ ಟಿಕೆಟ್, ವಿಐಪಿ ಕಟಕಟೆ, ಎತ್ತರದ ವೇದಿಕೆ ಮೇಲೆ ಡಿಜೆ. ಆಗ ಡಿಜೆ ಎಲ್ಲೋ ಮೂಲೆಯಲ್ಲಿದ್ದರೂ ಕುಣಿಯುವವರಿಗೆ ಚಿಂತೆ ಇರಲಿಲ್ಲ. ಈಗ ಕೈಯಲ್ಲಿ ಮೊಬೈಲ್ ಹಿಡಿದು ನಿಂತವರೇ ಜಾಸ್ತಿ. 2024ರಲ್ಲಿ ಜರ್ಮನಿ ಬರ್ಲಿನ್ನಿನ ಟೆಕ್ನೊವನ್ನು ತನ್ನ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿತು. ಖುಷಿಯಾಯಿತು, ಸ್ವಲ್ಪ ಕಸಿವಿಸಿಯೂ ಆಯಿತು.

ಪತ್ರಿಕೆಗಳಲ್ಲಿ ಒಂದು ಕೋರಿಕೆ. ಡ್ರಗ್ಸ್ ಸಿಕ್ಕಿದ ಪ್ರತಿ ಪಾರ್ಟಿಗೂ ಸುಮ್ನೆ ‘ರೇವ್’ ಎಂದು ಹೆಸರಿಡಬೇಡಿ.

– ಒಬ್ಬ ಓದುಗ