ಅಪ್ಪನ ಕಣ್ಣಿನ ಆಪರೇಷನ್ ವಿಷ್ಯಕ್ಕೆ ಪ್ಯಾರಿಸ್ಸಿಂದ

ಅಮ್ಮ,

ನಾನು ಚೆನ್ನಾಗಿದೀನಿ, ಊಟ ತಿಂಡಿ ಎಲ್ಲ ಸರಿಯಾಗಿ ಆಗ್ತಿದೆ, ಚಳಿ ಇದೆ ಆದ್ರೆ ನೀನು ಕಳಿಸಿದ ಸ್ವೆಟರ್ ಹಾಕ್ಕೊಂಡೇ ಓಡಾಡ್ತೀನಿ. ಗಿರಿ, ಶಾರದತ್ತೆ, ಪಾಪು ಎಲ್ಲರನ್ನೂ ಕೇಳ್ದೆ ಅಂತ ಹೇಳು. ನಿನ್ನ ವಾಯ್ಸ್ ಮೆಸೇಜ್ ಕೇಳಿದಾಗಿನಿಂದ ನಂಗೆ ಸಮಾಧಾನ ಇಲ್ಲ. ಫೋನಲ್ಲಿ ಈ ಮಾತು ಎತ್ತಿದ ತಕ್ಷಣ ಅಪ್ಪ ಫೋನ್ ನಿನ್ನ ಕೈಗೆ ಕೊಟ್ಟು ತೋಟಕ್ಕೆ ಹೋಗ್ಬಿಡ್ತಾರೆ, ಅದಕ್ಕೇ ಬರೀತಿದೀನಿ. ನೀನೇ ಅವರ ಪಕ್ಕ ಕೂತು ಓದಿ ಹೇಳು, ಮಧ್ಯೆ ಎದ್ದು ಹೋಗೋಕೆ ಬಿಡ್ಬೇಡ.

ಡಾಕ್ಟ್ರು ಡೇಟ್ ಕೊಟ್ಟ ಮೇಲೂ ಅಪ್ಪ ವಾಪಸ್ ಬಂದ್ರು ಅಂದ್ಯಲ್ಲ, ಪೊರೆ ಇನ್ನೂ ಹಣ್ಣಾಗ್ಲಿ, ಕಾಯಿ ಕೆಡವೋದು ಮುಗೀಲಿ, ರಂಗಪ್ಪ ಮಾವನ ಕಣ್ಣು ಹೋಗಿದ್ದು ಗೊತ್ತಿಲ್ವಾ ಅಂತೆಲ್ಲ. ಅದಕ್ಕಿಂತ ನನ್ನ ಎದೆಗೆ ನಾಟಿದ್ದು ನೀನು ಹಾಗೇ ಹೇಳಿ ಬಿಟ್ಟ ಇನ್ನೊಂದು ಮಾತು. ಈ ಸಲ ಅಟ್ಟದಿಂದ ಇಳಿಸಿದ ಕೊಬ್ಬರಿ ಒಡೆದು ನೋಡಿ ಅಪ್ಪ "ಎಲ್ಲಾ ಹಳದಿ ತಿರುಗಿದೆ, ಈ ವರ್ಷ ಮಾಲು ಸರಿ ಇಲ್ಲ" ಅಂದ್ರಂತೆ, ಗಿರಿ ನೋಡಿದ್ರೆ ಹಾಲಿನಂಗೆ ಬೆಳ್ಳಗಿತ್ತಂತೆ. ತಿಪಟೂರು ಮಾರ್ಕೆಟ್ಟಲ್ಲಿ ದೂರದಿಂದ ನೋಡೇ ಇದು ಯಾವ ದರ್ಜೆ ಕೊಬ್ಬರಿ ಅಂತ ಹೇಳ್ತಿದ್ದ ಮನುಷ್ಯ ಅಮ್ಮ ಅವರು. ಕೊಬ್ಬರಿ ಹಳದಿ ಆಗಿಲ್ಲ, ಅಪ್ಪನ ಕಣ್ಣೊಳಗಿನ ಮಸೂರ ಪೊರೆ ಬಂದು ಹಳದಿ ಆಗಿದೆ. ಇದನ್ನ ನಾನು ಸುಮ್ನೆ ಹೇಳ್ತಿಲ್ಲ, ಇಲ್ಲಿ ಕಣ್ಣಾರೆ ನೋಡಿ ಬಂದು ಹೇಳ್ತಿದೀನಿ.

ಇಲ್ಲಿ ತಿಂಗಳ ಮೊದಲನೇ ಭಾನುವಾರ ಒರಾಂಜರಿ ಅನ್ನೋ ಮ್ಯೂಸಿಯಂಗೆ ದುಡ್ಡು ಕೊಡೋ ಹಾಗಿಲ್ಲ, ಮೊದ್ಲೇ ಟೈಮ್ ಬುಕ್ ಮಾಡ್ಕೊಂಡು ಹೋಗ್ಬೇಕು ಅಷ್ಟೇ. ತುಯಿಲರಿ ಅಂತ ದೊಡ್ಡ ತೋಟದ ಮೂಲೇಲಿದೆ, 1852ರಲ್ಲಿ ಆ ತೋಟದ ಕಿತ್ತಳೆ ಗಿಡಗಳನ್ನ ಚಳಿಗಾಲದಲ್ಲಿ ಬೆಚ್ಚಗಿಡೋಕೆ ಅಂತ ಕಟ್ಟಿದ್ದು. ತೋಟದ ತುಂಬಾ ಹಸಿರು ಕಬ್ಬಿಣದ ಕುರ್ಚಿ, ಯಾರು ಬೇಕಾದ್ರೂ ಎಳ್ಕೊಂಡು ಎಲ್ಲಿ ಬೇಕಾದ್ರೂ ಹಾಕ್ಕೊಂಡು ಕೂರಬಹುದು, ಕಾಸು ಕೇಳೋರಿಲ್ಲ. ಚಳೀಲೂ ಜನ ಅಲ್ಲೇ ಕೂತು ತಣ್ಣಗಿರೋ ಬ್ರೆಡ್ಡು ಚೀಸು ತಿಂತಾರೆ. ನಾನು ಡಬ್ಬೀಲಿ ಚಿತ್ರಾನ್ನ ತಗೊಂಡ್ ಹೋಗಿದ್ದೆ, ಪಕ್ಕದಲ್ಲಿ ಕೂತಿದ್ದ ಅಜ್ಜಿ ಒಬ್ರು ವಾಸನೆಗೆ ತಿರುಗಿ ಏನದು ಅಂತ ಕೇಳಿದ್ರು, ಒಂದು ಚಮಚ ಕೊಟ್ಟೆ, ಶೇಂಗಾ ಬೀಜ ತುಂಬಾ ಇಷ್ಟ ಆಯ್ತು ಅವರಿಗೆ.

ಒಳಗಡೆ ಮೊಟ್ಟೆ ಆಕಾರದ ಎರಡು ರೂಮು, ಸುತ್ತ ಗೋಡೆ ಪೂರ್ತಿ ಒಬ್ಬರೇ ಬರೆದ ಚಿತ್ರ, ಮೋನೆ ಅಂತ ಅವರ ಹೆಸರು, ಕ್ಲೋಡ್ ಮೋನೆ. 22 ಪ್ಯಾನೆಲ್ ಜೋಡಿಸಿ 8 ದೊಡ್ಡ ಚಿತ್ರ, ಎತ್ತರ ಸುಮಾರು ಎರಡು ಮೀಟರ್, ಅದರಲ್ಲಿ ಒಂದು 17 ಮೀಟರ್ ಉದ್ದಾನೂ ಇದೆ. ಎಲ್ಲದರಲ್ಲೂ ಒಂದೇ ವಿಷ್ಯ, ಅವರ ಮನೆ ತೋಟದ ಕೊಳ. ಜಿವೆರ್ನಿ ಅನ್ನೋ ಹಳ್ಳೀಲಿ ಅವರೇ ಜಾಗ ತಗೊಂಡು ಮಾಡಿಸಿದ ಕೊಳ, ಅದರ ನೈದಿಲೆ, ನೀರಿಗೆ ಬಾಗಿರೋ ಮರ, ನೀರಲ್ಲಿ ಕಾಣೋ ಮೋಡ. ದಂಡೆ ಇಲ್ಲ, ಆಕಾಶ ಇಲ್ಲ, ಒಬ್ಬ ಮನುಷ್ಯನೂ ಇಲ್ಲ. ಮಧ್ಯೆ ಬೆಂಚ್ ಮೇಲೆ ಕೂತ್ರೆ ನೀರಿನ ಒಳಗೇ ಕೂತ ಹಾಗೆ. ಅಷ್ಟು ಜನ ಇದ್ರೂ ಯಾರೂ ಜೋರಾಗಿ ಮಾತಾಡಲ್ಲ, ಪಿಸುಮಾತು ಸ್ವಲ್ಪ ಏರಿದ್ರೆ ಗಾರ್ಡ್ ಬಂದು ಶ್ ಅಂತಾರೆ.

ಅಪ್ಪ ಕೇಳ್ಬೇಕಾದ್ದು ಇದು. ಈ ಮೋನೆಗೆ 1912ರಲ್ಲೇ ಎರಡೂ ಕಣ್ಣಿಗೆ ಪೊರೆ ಅಂತ ಡಾಕ್ಟ್ರು ಹೇಳಿದ್ರು. ಆಪರೇಷನ್ ಮಾಡಿಸ್ಕೊಳ್ಳಲ್ಲ ಅಂದ್ರು. ಆಮೇಲೆ ಹೆದರಿಕೆ ಇನ್ನೂ ಹೆಚ್ಚಾಯ್ತು, ಯಾಕೆ ಗೊತ್ತಾ? ಅವರ ಪರಿಚಯದ ಮೇರಿ ಕಸಾಟ್ ಅನ್ನೋ ಚಿತ್ರ ಬರೆಯೋ ಹೆಂಗಸು ಆಪರೇಷನ್ ಮಾಡಿಸ್ಕೊಂಡು ಕಣ್ಣು ಸರಿ ಹೋಗಿರ್ಲಿಲ್ಲ. ಥೇಟ್ ಅಪ್ಪ ರಂಗಪ್ಪ ಮಾವನ ಹೆಸರು ಹೇಳೋ ಹಾಗೇ. ಹನ್ನೊಂದು ವರ್ಷ ಹಾಗೇ ತಳ್ಳಿದ್ರು ಅಮ್ಮ. ಬಣ್ಣ ಗುರುತು ಸಿಗ್ದೆ ಟ್ಯೂಬಿನ ಮೇಲಿನ ಹೆಸರು ನೋಡ್ಕೊಂಡು, ಬಣ್ಣ ಕಲಸೋ ಹಲಗೆ ಮೇಲೆ ಯಾವ ಬಣ್ಣ ಎಲ್ಲಿದೆ ಅನ್ನೋ ಅಭ್ಯಾಸದ ಮೇಲೇ ಬರೀತಿದ್ರಂತೆ. ಪೊರೆ ಹಳದಿ ಕಂದು ತಿರುಗಿದ ಹಾಗೆ ನೀಲಿ ಬಣ್ಣ ಕಣ್ಣೊಳಗೆ ಹೋಗೋದೇ ಕಮ್ಮಿ ಆಗುತ್ತೆ.

ಅದು ಹೇಗಿರುತ್ತೆ ಅಂತ ನಂಗೆ ಗೊತ್ತಾಗಿದ್ದು ಮಾರ್ಮೊತಾನ್ ಅಂತ ಇನ್ನೊಂದು ಮ್ಯೂಸಿಯಮ್ಮಿಗೆ ಹೋದಾಗ. ಊರ ಆ ಕಡೆ ಇದೆ, ಒಬ್ಳೇ ಮೆಟ್ರೋ ಹತ್ತಿ ಹೋದೆ, ಭಯ ಏನಿಲ್ಲ, ಹಗಲು ಹೊತ್ತಲ್ಲೇ. ಅಲ್ಲಿ ಅದೇ ಕೊಳದ ಮೇಲಿನ ಜಪಾನಿ ಸೇತುವೆ ಚಿತ್ರಗಳಿವೆ, ಪೊರೆ ಬಲಿತಿದ್ದ ಕಾಲದವು. ಹಸಿರು ಸೇತುವೆ ಅದು, ಮೋನೆ ಮೊದ್ಲು ಹಸಿರಾಗೇ ಬರೆದಿದ್ರು. ಇವುಗಳಲ್ಲಿ ಇಟ್ಟಿಗೆ ಕೆಂಪು, ತುಕ್ಕು, ಕಾಫಿ ಡಿಕಾಕ್ಷನ್ ಬಣ್ಣ, ಗೆರೆ ಮೇಲೆ ಗೆರೆ, ಸೇತುವೆ ಎಲ್ಲಿದೆ ಅಂತ ಹುಡುಕ್ಬೇಕು. ಪಕ್ಕದಲ್ಲಿ ನಿಂತಿದ್ದೋರು ಎಷ್ಟು ಧೈರ್ಯದ ಚಿತ್ರ, ಮುಂದಿನ ಕಾಲದ ಕಲೆಗೆ ದಾರಿ ಅಂತೆಲ್ಲ ಮಾತಾಡ್ಕೊಳ್ತಿದ್ರು. ಇರ್ಬಹುದು, ದೊಡ್ಡ ಚಿತ್ರಗಳೇ. ಆದ್ರೆ ನನ್ನ ಕಣ್ಣಿಗೆ ಕಂಡಿದ್ದು ತನ್ನ ಕೊಳದ ಮುಂದೆ ನಿಂತು ಅದನ್ನೇ ತಡಕಾಡ್ತಿರೋ ವಯಸ್ಸಾದೋರೊಬ್ರು. ಅಪ್ಪ ಕೊಬ್ಬರಿ ಹೋಳನ್ನ ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡೋದೇ ಕಣ್ಮುಂದೆ ಬಂತು, ಅಳು ತಡ್ಕೊಳ್ಳೋಕೆ ಆಗ್ಲಿಲ್ಲ.

ಮೋನೆಯ ಕನ್ನಡಕಾನೂ ನೋಡ್ದೆ. ಅಮ್ಮ, ಅದು ಅಜ್ಜಿಯ ಸೋಡಾಬುಡ್ಡಿ ಕನ್ನಡಕದ ಜಾತಿಯದೇ! ಅಜ್ಜಿಗೆ ಡಾಕ್ಟರ್ ಎಂ.ಸಿ. ಮೋದಿಯವರ ಕ್ಯಾಂಪಲ್ಲಿ ಪೊರೆ ತೆಗೆದಿದ್ರಲ್ಲ, ಹಸಿರು ಬಟ್ಟೆ ಕಟ್ಕೊಂಡು ಗಾಡೀಲಿ ಬಂದ್ರು, ಆಮೇಲೆ ಸಾಯೋವರೆಗೂ ಅಕ್ಕೀಲಿ ಕಲ್ಲು ತಾನೇ ಆರಿಸ್ತಿದ್ರು ಅಂತ ನೀನೇ ಹೇಳ್ತಿದ್ದೆ. ಆವಾಗೆಲ್ಲ ಪೊರೆ ತೆಗೆದು ಒಳಗೆ ಏನೂ ಇಡ್ತಿರ್ಲಿಲ್ಲ, ಅದಕ್ಕೆ ಆ ದಪ್ಪ ಗಾಜು. ಮೋನೆಗೂ ಹಾಗೇ. ಅವರ ಸ್ನೇಹಿತ ಕ್ಲೆಮಾಂಸೋ, ಮೊದಲನೇ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಪ್ರಧಾನಿ ಆಗಿದ್ದೋರು, ಅವರೂ ಡಾಕ್ಟರ್ ಓದಿದ್ದೋರೇ, ಬಿಡದೆ ಹಿಂದೆ ಬಿದ್ದು ಒಪ್ಪಿಸಿ 1923ರಲ್ಲಿ ಬಲಗಣ್ಣಿಗೆ ಮಾಡಿಸಿದ್ರು. ಮೋನೆಗೆ ಆಗ 82 ವರ್ಷ. ತಲೆ ಅಲ್ಲಾಡದ ಹಾಗೆ ದಿನಗಟ್ಟಲೆ ಮಲಗ್ಬೇಕಿತ್ತು, ಅವರಿಗೆ ತುಂಬಾ ಹಿಂಸೆ ಆಯ್ತು. ಅಪ್ಪನಿಂದ ಏನೂ ಮುಚ್ಚಿಡಲ್ಲ ನಾನು, ಮೊದಮೊದಲು ಯಾಕಾದ್ರೂ ಮಾಡಿಸ್ಕೊಂಡ್ನೋ ಅಂತ ಡಾಕ್ಟ್ರ ಮೇಲೆ ಕೂಗಾಡಿದ್ರು, ಎಲ್ಲಾ ನೀಲಿ ನೀಲಿ ಕಾಣ್ಸುತ್ತೆ ಅಂದ್ರು. ಬಣ್ಣದ ಗಾಜಿನ ಕನ್ನಡಕ ಹೊಂದಿಕೆ ಆದ್ಮೇಲೆ 1925ರ ಹೊತ್ತಿಗೆ ಮತ್ತೆ ಹುರುಪಿಂದ ಕೆಲಸಕ್ಕೆ ನಿಂತ್ರು, ಆ ದೊಡ್ಡ ನೈದಿಲೆ ಚಿತ್ರಗಳನ್ನ ಕೊನೇವರೆಗೂ ತಿದ್ದಿದ್ರು. ಎಡಗಣ್ಣು ಮಾತ್ರ ಮುಟ್ಟೋಕೆ ಬಿಡ್ಲೇ ಇಲ್ಲ. 1926ರ ಡಿಸೆಂಬರಲ್ಲಿ ತೀರ್ಕೊಂಡ್ರು, ಮಾರನೇ ವರ್ಷ ಮೇ ತಿಂಗಳಲ್ಲಿ ಆ ರೂಮುಗಳನ್ನ ಜನಕ್ಕೆ ತೆರೆದ್ರು.

ಇದೆಲ್ಲ ತಿಳ್ಕೊಂಡ ಮೇಲೆ ಒರಾಂಜರಿಗೆ ಮತ್ತೆ ಹೋದೆ, ಈ ಸಲ ಟಿಕೆಟ್ ತಗೊಂಡೇ. ಸೂರ್ಯ ಮುಳುಗೋ ಚಿತ್ರ ಒಂದಿದೆ, ನೀರಿನ ಮೇಲೆ ಹಳದಿ ಚೆಲ್ಲಿದ ಹಾಗೆ. ಮೊದಲ ಸಲ ಅದು ಬರೀ ಸಂಜೆ ಅಂದ್ಕೊಂಡಿದ್ದೆ. ಈಗ ನಂಗೆ ಅನ್ನಿಸಿದ್ದು, ಹಳದಿ ಕಣ್ಣಿನ ಯಜಮಾನ್ರು ಆ ಹಳದಿಗೆ ಹೆದರದೆ ಅದನ್ನೇ ಎದುರು ನಿಂತು ಬರೆದಿದಾರೆ. ಎರಡನೇ ರೂಮಲ್ಲಿ ಮರಗಳ ನೆರಳಿನ ಚಿತ್ರ ಇದೆ, ಕಡು ನೀಲಿ, ನೇರಳೆ, ಅದರ ಮುಂದೆ ಬಹಳ ಹೊತ್ತು ಕೂತಿದ್ದೆ. ಆಪರೇಷನ್ನಿಗೆ ಮುಂಚೆ ಯಾವುದು ಆಮೇಲೆ ಯಾವುದು ಅಂತ ಪಂಡಿತ್ರು ಹೇಳ್ಲಿ, ನಂಗೆ ಆ ನೀಲಿ ವಾಪಸ್ ಸಿಕ್ಕಿದ ವಸ್ತುವಿನ ಹಾಗೆ ಕಾಣ್ಸುತ್ತೆ. ಇನ್ನೊಂದು ವಿಷ್ಯ ಕೇಳು, ಈ ಚಿತ್ರಗಳಿಗೆ ಮೇಲಿಂದ ಆಕಾಶದ ಬೆಳಕೇ ಬೀಳ್ಬೇಕು ಅಂತ ಮೋನೆ ಆಸೆ. 1960ರ ದಶಕದಲ್ಲಿ ಮೇಲೊಂದು ಅಂತಸ್ತು ಕಟ್ಟಿ ಆ ಬೆಳಕನ್ನೇ ಮುಚ್ಚಿಬಿಟ್ಟಿದ್ರು, ನಲವತ್ತು ವರ್ಷ ಲೈಟ್ ಹಾಕಿ ತೋರ್ಸಿದಾರೆ. ಆಮೇಲೆ ಆ ಅಂತಸ್ತು ಕಿತ್ತು ಹಾಕಿ 2006ರಲ್ಲಿ ಮತ್ತೆ ತೆರೆದ್ರು. ನಾನು ಕೂತಿದ್ದಾಗ ಹೊರಗೆ ಮೋಡ ಸರಿದು ಬಿಸಿಲು ಬಂತು, ಇಡೀ ಕೊಳ ಒಂದೇ ಸಲ ತಿಳಿಯಾಯ್ತು, ಎಲ್ರೂ ತಲೆ ಎತ್ತಿ ನೋಡಿದ್ರು.

ಅಪ್ಪ, ಈಗ ನಿಮಗೇ ಹೇಳ್ತಿದೀನಿ. ಪೊರೆ ಹಣ್ಣಾಗ್ಬೇಕು ಅನ್ನೋದು ಅಜ್ಜಿ ಕಾಲದ ಮಾತು. ಈಗ ಕಾದಷ್ಟೂ ಪೊರೆ ಗಟ್ಟಿಯಾಗಿ ಡಾಕ್ಟ್ರಿಗೇ ಕಷ್ಟ. ಡ್ರಾಪ್ಸ್ ಹಾಕಿ ಕಣ್ಣು ಮರಗಟ್ಟಿಸ್ತಾರೆ, ಎರಡು ಮೂರು ಮಿಲಿಮೀಟರ್ ಸೀಳು, ಪೊರೆಯನ್ನ ಒಳಗೇ ಪುಡಿ ಮಾಡಿ ಹೀರ್ಕೊಂಡು ಮಡಚಿದ ಲೆನ್ಸ್ ಇಡ್ತಾರೆ. ಸಾಮಾನ್ಯವಾಗಿ ಅರ್ಧ ಗಂಟೆ ಒಳಗಿನ ಕೆಲಸ, ಅವತ್ತೇ ಮನೆಗೆ. ಆ ಲೆನ್ಸ್ ಬಂದ ಕತೆ ನಿಮಗೆ ಇಷ್ಟ ಆಗುತ್ತೆ, ಎರಡನೇ ಮಹಾಯುದ್ಧದಲ್ಲಿ ಪೈಲಟ್‌ಗಳ ಕಣ್ಣಿಗೆ ವಿಮಾನದ ಗಾಜಿನಂಥ ಪ್ಲಾಸ್ಟಿಕ್ ಚೂರು ಹೊಕ್ಕಿದ್ರೂ ಕಣ್ಣು ಅದನ್ನ ತಡ್ಕೊಂಡಿದ್ದು ನೋಡಿ ಹೆರಾಲ್ಡ್ ರಿಡ್ಲಿ ಅನ್ನೋ ಇಂಗ್ಲಿಷ್ ಡಾಕ್ಟ್ರು 1949ರಲ್ಲಿ ಮೊದಲ ಲೆನ್ಸ್ ಕಣ್ಣೊಳಗೆ ಇಟ್ರು. ಮೋನೆಗೆ ಅದು ಸಿಗ್ಲಿಲ್ಲ, ಅಜ್ಜಿಗೆ ಸಿಗ್ಲಿಲ್ಲ, ನಿಮಗೆ ಸಿಗುತ್ತೆ. ರಂಗಪ್ಪ ಮಾವನಿಗೆ ಶುಗರ್ ಹತೋಟೀಲಿ ಇರ್ಲಿಲ್ಲ, ವಾರ ತುಂಬೋಕೆ ಮುಂಚೆ ಗದ್ದೆಗೆ ಇಳಿದ್ರು, ಡ್ರಾಪ್ಸ್ ಹಾಕ್ಕೊಳ್ಲಿಲ್ಲ, ಕೀವಾಯ್ತು. ನಿಮಗೆ ಶುಗರ್ ಇಲ್ಲ, ಡ್ರಾಪ್ಸ್ ಹಾಕೋಕೆ ಅಮ್ಮ ಇದಾರೆ. ಭಯ ಬೇಡ, ಜಾಗ್ರತೆಯಾಗಿ ನೋಡ್ಕೊಂಡ್ರೆ ತೊಂದ್ರೆ ಆಗೋದು ತುಂಬಾ ಅಪರೂಪ. ತೋಟ ಗಿರಿ ನೋಡ್ಕೊಳ್ತಾನೆ, ಕಾಯಿ ಮರದಲ್ಲೇ ಇರುತ್ತೆ, ಎಲ್ಲೂ ಓಡಿ ಹೋಗಲ್ಲ.

ದುಡ್ಡಿನ ಯೋಚ್ನೆ ಮಾಡ್ಲೇಬೇಡಿ, ಗಿರಿ ಅಕೌಂಟಿಗೆ ಹಾಕಿದೀನಿ, ಒಳ್ಳೇ ಲೆನ್ಸೇ ಹಾಕಿಸಿ, ನಂಗೆ ಇಲ್ಲಿ ಏನೂ ಕಷ್ಟ ಆಗಲ್ಲ, ಸಂಬಳ ಸಾಕಾಗಿ ಮಿಗುತ್ತೆ. ಆಪರೇಷನ್ ದಿನ ರಜ ಹಾಕಿ ಫೋನ್ ಹಿಡ್ಕೊಂಡೇ ಕೂತಿರ್ತೀನಿ. ಅಮ್ಮ, ನಾಳೇನೇ ಡಾಕ್ಟ್ರ ಹತ್ರ ಹೊಸ ಡೇಟ್ ತಗೋ, ಅಮಾವಾಸ್ಯೆ ಗಿಮಾವಾಸ್ಯೆ ಅಂತ ಮುಂದಕ್ಕೆ ಹಾಕ್ಬೇಡ. ಬಿಪಿ ಒಂದ್ಸಲ ನೋಡಿಸಿ. ಸಾರಿನ ಪುಡಿ ಮುಗೀತಾ ಬಂತು, ಯಾರಾದ್ರೂ ಬರೋರಿದ್ರೆ ಕಳಿಸು, ಇಲ್ದಿದ್ರೂ ಪರವಾಗಿಲ್ಲ. ಆಫೀಸಿಗೆ ಹೊತ್ತಾಯ್ತು, ಓಡ್ತೀನಿ. ಡೇಟ್ ಸಿಕ್ಕಿದ ತಕ್ಷಣ ಮೆಸೇಜ್ ಹಾಕು, ರಾತ್ರಿ ಎಷ್ಟೊತ್ತಾದ್ರೂ ಸರಿ.

ನಿನ್ನ
ಸುಮಿ